ಹಾರ್ಟಿನ ತೂತಿಗೆ ಹಾಕಿದ ಡಿವೈಸ್ ನಾಲ್ಕು ವರ್ಷ ಆದಮೇಲೆ ಮೈಗೆ ಆಗದೆ ಹೋಗತ್ತಾ?

ಪ್ರಶ್ನೆ: ಸರ್, ನನಗೆ 34 ವರ್ಷ, ದಾವಣಗೆರೆ ಕಡೆಯವಳು. 4 ವರ್ಷದ ಹಿಂದೆ ಬೆಂಗಳೂರಲ್ಲಿ ಎಎಸ್‌ಡಿ, ಅಂದ್ರೆ ಹಾರ್ಟಿನ ಮೇಲಿನ ಎರಡು ಕೋಣೆ ನಡುವಿನ ಗೋಡೆಲಿ ತೂತು, ಅಂತ ಹೇಳಿ ತೊಡೆ ಹತ್ರದಿಂದ ಡಿವೈಸ್ ಹಾಕಿ ಹಾರ್ಟಿನ ತೂತು ಮುಚ್ಚಿದ್ರು. ಮೊದಲ ಎರಡು ಮೂರು ತಿಂಗಳು ವಿಪರೀತ ತಲೆನೋವು ಇತ್ತು, ಕಣ್ಮುಂದೆ ಮಿಂಚು ಮಿಂಚು, ಆಮೇಲೆ ತಾನಾಗೇ ಹೋಯ್ತು. ಈಗ ಒಂದು ವರ್ಷದಿಂದ ಸುಸ್ತು, ಆಗಾಗ ಎದೆ ಡವಡವ, ಮೈಮೇಲೆ ಅಲ್ಲಲ್ಲಿ ಕಡಿತ. ನನಗೆ ಮೊದಲಿಂದ್ಲೂ ಒನ್ ಗ್ರಾಮ್ ಗೋಲ್ಡ್ ಓಲೆ ಹಾಕಿದ್ರೆ ಕಿವಿ ಸೋರತ್ತೆ, ವಾಚ್ ಕಟ್ಟಿದ್ರೆ ಕೈ ಕೆಂಪಾಗತ್ತೆ. ಡಿವೈಸ್ ಒಳಗೆ ನಿಕ್ಕಲ್ ಇರತ್ತೆ ಅಂತ ಇತ್ತೀಚೆಗೆ ಗೊತ್ತಾಯ್ತು, ಹಾಕೋ ಮುಂಚೆ ಯಾರೂ ನನ್ನನ್ನ ಅಲರ್ಜಿ ಬಗ್ಗೆ ಕೇಳಿರ್ಲಿಲ್ಲ. ಅಮೆರಿಕದ ಒಬ್ಬ ಹೆಂಗಸು ಡಿವೈಸ್ ತೆಗೆಸಿಕೊಂಡಮೇಲೆ ಎಲ್ಲ ಸರಿಹೋಯ್ತು ಅಂತ ಬರೆದಿದ್ದು ಓದಿ ನಿದ್ದೆ ಬರ್ತಿಲ್ಲ. ನಮ್ಮತ್ತೆ ಬೇರೆ, ಹೊರಗಿನ ವಸ್ತು ಮೈ ಯಾವತ್ತಿದ್ರೂ ತಳ್ಳತ್ತೆ ಅಂತಾರೆ. ಸೊಂಟನೋವಿಗೆ ಎಂಆರ್‌ಐ ಬರೆದಿದ್ರು, ಹಾರ್ಟಲ್ಲಿ ಮೆಟಲ್ ಇದೆ ಅಂದಿದ್ದಕ್ಕೆ ಸ್ಕ್ಯಾನ್ ಸೆಂಟರ್‌ನವರು ವಾಪಸ್ ಕಳಿಸಿದ್ರು. ಎರಡನೇ ಮಗು ಮಾಡ್ಕೊಳ್ಳೋ ಯೋಚನೆನೂ ಇದೆ. ಡಿಸ್ಚಾರ್ಜ್ ಸಮರಿಲಿ 18 ಎಂಎಂ ತೂತು, 22 ಎಂಎಂ ಡಿವೈಸ್, ಅಯಾರ್ಟಿಕ್ ರಿಮ್ 3 ಎಂಎಂ ಅಂತ ಇದೆ. ಕೊನೆ ಎಕೋ (ಹಾರ್ಟಿನ ಸ್ಕ್ಯಾನ್) ಆಗಿ 3 ವರ್ಷ ಆಯ್ತು. ಇದನ್ನ ತೆಗೆಸಿಬಿಡೋದು ಒಳ್ಳೇದಾ ಸರ್?

ಉತ್ತರ: ನಿಮ್ಮ ಭಯ ಏನು ಅಂತ ನಾನು ಅರ್ಥ ಮಾಡ್ಕೊಂಡಿದ್ದು ಇಷ್ಟು ಮೇಡಂ. ಹೊರಗೆ ಓಲೆ ಹಾಕಿದ್ರೆ ಕಿವಿ ಸೋರೋಳು ನಾನು, ಅದೇ ಲೋಹನ ತಗೊಂಡು ಹೋಗಿ ಹಾರ್ಟೊಳಗೆ ಇಟ್ಟಿದಾರೆ, ಅಲ್ಲೂ ಹಂಗೇ ಏನೋ ಆಗ್ತಾ ಇರಬೇಕು, ಕೇಳಿದ್ರೆ ಎಲ್ಲರೂ ಏನಿಲ್ಲ ಹೋಗಮ್ಮ ಅಂತಿದಾರೆ. ಅಷ್ಟೇ ತಾನೆ? ಇದು ಹುಚ್ಚು ಭಯ ಅಲ್ಲ. ನಿಕ್ಕಲ್ ಅಲರ್ಜಿಯಿಂದ ಡಿವೈಸ್ ಹಾಕಿಸ್ಕೊಂಡೋರಿಗೆ ತೊಂದರೆ ಆಗಿರೋದು ವೈದ್ಯಕೀಯ ಜರ್ನಲ್‌ಗಳಲ್ಲೇ ವರದಿ ಆಗಿದೆ. ಆದ್ರೆ ನೀವು ಬರೆದಿರೋ ಲಕ್ಷಣ, ಅದು ಶುರುವಾದ ಸಮಯ ಎರಡನ್ನೂ ಇಟ್ಕೊಂಡು ನೋಡಿದ್ರೆ ನಿಮ್ಮ ಈಗಿನ ತೊಂದರೆಗೆ ನಿಕ್ಕಲ್ ಕಾರಣ ಆಗಿರೋ ಸಾಧ್ಯತೆ ಕಮ್ಮಿ ಅಂತ ನನಗನ್ಸತ್ತೆ. ಇನ್ನೊಂದು ವಿಷಯ, ನೀವು ಪತ್ರದ ಕೊನೆಗೆ ಸುಮ್ನೆ ಹಂಗೇ ಬರೆದುಬಿಟ್ಟಿದೀರಲ್ಲ, ಅಯಾರ್ಟಿಕ್ ರಿಮ್ 3 ಎಂಎಂ, ಎಕೋ ಆಗಿ 3 ವರ್ಷ ಅಂತ, ನನ್ನ ಕಣ್ಣು ನಿಂತಿದ್ದು ಆ ಎರಡು ಸಾಲಿನ ಮೇಲೆ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಒಳಗೆ ಏನಿದೆ ಅಂತ ನೋಡೋಣ. ನಮ್ಮಲ್ಲಿ ಕೆಲವರು ಛತ್ರಿ ಅಂತಾರೆ, ಕೆಲವರು ಬಟನ್ ಅಂತಾರೆ, ಇರೋದು ಸಣ್ಣ ತಂತಿಯಿಂದ ಹೆಣೆದ ಜಾಲರಿ, ಎರಡು ಕಡೆ ಎರಡು ಬಿಲ್ಲೆ, ನಡುವೆ ಸೊಂಟ. ತೂತಿನ ಎಡಗಡೆ ಒಂದು ಬಿಲ್ಲೆ ಬಲಗಡೆ ಒಂದು ಬಿಲ್ಲೆ ಕೂತ್ಕೊಂಡು ಗೋಡೆನ ಹಿಡ್ಕೊಳ್ಳತ್ತೆ, ಸೊಂಟ ತೂತಿನ ಮಧ್ಯ ತುಂಬ್ಕೊಳ್ಳತ್ತೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2001ರಲ್ಲಿ ಒಪ್ಪಿಗೆ ಕೊಟ್ಟ ಆಂಪ್ಲಾಟ್ಜರ್ ಡಿವೈಸ್ ಇದರಲ್ಲಿ ಹೆಚ್ಚು ಬಳಕೆಯಾಗಿರೋದು, ಆಮೇಲೆ ಬಂದ ಎಷ್ಟೋ ಕಂಪನಿಗಳದ್ದೂ ಹೆಚ್ಚು ಕಮ್ಮಿ ಅದೇ ಆಕಾರ. ತಂತಿ ನಿಟಿನಾಲ್ ಅನ್ನೋ ಮಿಶ್ರಲೋಹ. ತೂಕದ ಲೆಕ್ಕದಲ್ಲಿ ಸುಮಾರು 55 ಭಾಗ ನಿಕ್ಕಲ್, ಮಿಕ್ಕಿದ್ದು ಟೈಟಾನಿಯಂ. ಇದನ್ನೇ ಯಾಕೆ ಹಾಕ್ತಾರೆ ಅಂದ್ರೆ ಸಣ್ಣ ಟ್ಯೂಬ್ ಒಳಗೆ ಎಳೆದು ದಾರದ ಥರ ಉದ್ದ ಮಾಡಿದ್ರೂ ಹೊರಗೆ ಬಿಟ್ಟ ತಕ್ಷಣ ಹಳೇ ಆಕಾರಕ್ಕೆ ವಾಪಸ್ ಬರತ್ತೆ, ಈ ಗುಣ ಇಲ್ಲದೆ ಇದ್ದಿದ್ರೆ ಎದೆ ಸೀಳದೆ ತೊಡೆ ರಕ್ತನಾಳದಿಂದ ತೂತು ಮುಚ್ಚೋದು ಇಷ್ಟು ಸಲೀಸಾಗ್ತಿರ್ಲಿಲ್ಲ. ಜಾಲರಿ ಒಳಗೆ ಪಾಲಿಯೆಸ್ಟರ್ ಬಟ್ಟೆ ಹೊಲಿದಿರ್ತಾರೆ. ರಕ್ತ ಸೋರದೆ ನಿಲ್ಲೋದು ಆ ಬಟ್ಟೆಯಿಂದ, ಅದರ ಮೇಲೆ ಬೆಳೆಯೋ ನಿಮ್ಮದೇ ಟಿಶ್ಯೂಯಿಂದ. ತಂತಿಯ ಕೆಲಸ ಹಿಡ್ಕೊಳ್ಳೋದು ಅಷ್ಟೇ.

55 ಭಾಗ ನಿಕ್ಕಲ್ ಅಂದ ತಕ್ಷಣ ಎದೆ ಧಸಕ್ ಅನ್ನತ್ತೆ, ಗೊತ್ತು. ಮನೇಲಿರೋ ಸ್ಟೀಲ್ ಪಾತ್ರೆಲಿ ಇರೋದು ಸುಮಾರು 8ರಿಂದ 10 ಭಾಗ. ಆದ್ರೆ ಇಲ್ಲಿ ನೋಡ್ಬೇಕಾದ್ದು ಒಳಗೆ ಎಷ್ಟಿದೆ ಅಂತಲ್ಲ, ಹೊರಗೆ ಎಷ್ಟು ಬಿಡತ್ತೆ ಅಂತ. ನಿಟಿನಾಲ್ ತಂತಿ ಮೇಲೆ ಟೈಟಾನಿಯಂ ಆಕ್ಸೈಡಿನ ತೆಳು ಪದರ ತಾನಾಗೇ ಕೂತ್ಕೊಳ್ಳತ್ತೆ, ನಿಕ್ಕಲ್ ಅದರ ಕೆಳಗೆ ಸಿಕ್ಕಾಕ್ಕೊಂಡಿರತ್ತೆ. ನಿಮ್ಮ ಒನ್ ಗ್ರಾಮ್ ಗೋಲ್ಡ್ ಓಲೆಲಿ ಹಾಗಲ್ಲ, ಮೇಲಿನ ಬಂಗಾರದ ಪಾಲಿಶ್ ಸವೆದು ಕೆಳಗಿನ ಲೋಹ ಬೆವರಿಗೆ ನೇರ ಸಿಗತ್ತೆ, ಬೆವರಿನ ಉಪ್ಪು ನಿಕ್ಕಲ್‌ನ ಕರಗಿಸ್ಕೊಂಡು ಚರ್ಮಕ್ಕೆ ಇಳಿಸತ್ತೆ. ಹಾಗಾಗಿ ಕಮ್ಮಿ ನಿಕ್ಕಲ್ ಇರೋ ಓಲೆ ಕಿವಿ ಹಾಳು ಮಾಡತ್ತೆ, ಜಾಸ್ತಿ ಇರೋ ಡಿವೈಸ್ ಸಾಮಾನ್ಯವಾಗಿ ಸುಮ್ನಿರತ್ತೆ.

ಪೂರ್ತಿ ಸುಮ್ನಿರತ್ತಾ? ಇಲ್ಲ, ಶುರುವಲ್ಲಿ ಸ್ವಲ್ಪ ಬಿಡತ್ತೆ. 2003ರಲ್ಲಿ ಜರ್ಮನಿಯಲ್ಲಿ ಆಂಪ್ಲಾಟ್ಜರ್ ಹಾಕಿಸ್ಕೊಂಡ 67 ಜನರ ರಕ್ತದಲ್ಲಿ ನಿಕ್ಕಲ್ ಅಳೆದು ನೋಡಿದ್ರು, ಹಾಕಿ ಒಂದು ತಿಂಗಳ ಹೊತ್ತಿಗೆ ಏರಿತ್ತು, ಆಮೇಲೆ ಇಳೀತಾ ಬಂದು ವರ್ಷದೊಳಗೆ ಮೊದಲು ಇದ್ದಲ್ಲಿಗೇ ಬಂತು. ಯಾಕೆ ಇಳೀತು ಅನ್ನೋದರಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ.

ಡಿವೈಸ್ ಕೂತ ಕೆಲವೇ ಗಂಟೆಯೊಳಗೆ ಅದರ ಮೇಲೆ ರಕ್ತದ ಪ್ರೋಟೀನ್, ಪ್ಲೇಟ್ಲೆಟ್ಟು, ಫೈಬ್ರಿನ್ ಎಲ್ಲ ಬಂದು ಅಂಟ್ಕೊಳ್ಳತ್ತೆ, ತೆಳ್ಳಗೆ ಹೆಪ್ಪು ಕಟ್ಟೋ ಥರ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಕೊಡೋದು ಇದು ಮಿತಿ ಮೀರದೆ ಇರ್ಲಿ ಅಂತ. ಆಮೇಲೆ ಉರಿಯೂತದ ಜೀವಕೋಶಗಳು ಬರ್ತಾವೆ, ಅವುಗಳ ಹಿಂದೇನೇ ನಾರು ಹೆಣೆಯೋ ಜೀವಕೋಶಗಳು ಬಂದು ಕೊಲ್ಯಾಜೆನ್ ಅನ್ನೋ ನಾರು ಹಾಕ್ತಾವೆ, ಕೊನೆಗೆ ಅಂಚಿನಿಂದ ನಡುವಿನ ಕಡೆಗೆ ಹಾರ್ಟಿನ ಒಳಪೊರೆ ಹಬ್ಬಿ ಮೇಲೆ ಮುಚ್ಕೊಳ್ಳತ್ತೆ. ಸಾಧಾರಣವಾಗಿ 3ರಿಂದ 6 ತಿಂಗಳಲ್ಲಿ ಇದು ಆಗತ್ತೆ. ಹೊಲದ ಬದುವಲ್ಲಿ ಬೇಲಿ ತಂತಿ ಮೊಳೆ ಹೊಡೆದಿರೋ ಮರ ನೋಡಿರ್ತೀರಲ್ಲ, ಕೆಲವು ವರ್ಷಕ್ಕೆ ತೊಗಟೆ ಬೆಳೆದು ತಂತಿ ಮರದೊಳಗೇ ಹೋಗಿಬಿಟ್ಟಿರತ್ತೆ, ಹಂಗೆ. ಆಮೇಲೆ ರಕ್ತಕ್ಕೆ ಸಿಗೋದು ನಿಮ್ಮದೇ ಪೊರೆ, ತಂತಿ ಅಲ್ಲ.

ಬೇರೆ ಕಾರಣಕ್ಕೆ ಆಪರೇಷನ್ ಮಾಡಿ ವರ್ಷಗಳ ನಂತರ ಹೊರಗೆ ತೆಗೆದ ಡಿವೈಸ್ ಹೆಂಗಿರತ್ತೆ ಅಂತ ಹೇಳ್ತೀನಿ. ಹೊಸದರಲ್ಲಿ ಬೂದು ಬಣ್ಣದ ಗಟ್ಟಿ ಜಾಲರಿ ಇದ್ದದ್ದು, ತೆಗೆದಾಗ ಬೆಳ್ಳಗೆ ಹೊಳಪಾಗಿ ನುಣ್ಣಗೆ ಇರತ್ತೆ, ಪೊರೆ ತೆಳ್ಳಗಿರೋ ಕಡೆ ಮಾತ್ರ ಒಳಗಿನ ತಂತಿಯ ಗೆರೆ ಮಸುಕಾಗಿ ಕಾಣತ್ತೆ. ಅಂಚು ಎಲ್ಲಿ, ನಿಜವಾದ ಗೋಡೆ ಎಲ್ಲಿ ಅಂತ ಬೆರಳಲ್ಲಿ ಸವರಿದ್ರೆ ಗೊತ್ತಾಗಲ್ಲ, ಕತ್ತರಿಯಿಂದ ಗೋಡೆ ಸಮೇತ ಬಿಡಿಸ್ಬೇಕು. ಅದನ್ನ ಪೆಥಾಲಜಿಯವರು ತೆಳ್ಳಗೆ ಕೊಯ್ದು ಮೈಕ್ರೋಸ್ಕೋಪ್ ಕೆಳಗಿಟ್ರೆ ತುಂಬಾ ಕೊಲ್ಯಾಜೆನ್, ಅದರ ಮಧ್ಯ ಪಾಲಿಯೆಸ್ಟರ್ ಎಳೆಗಳು, ಒಂದೊಂದು ಎಳೆ ಸುತ್ತ ದೊಡ್ಡ ದೊಡ್ಡ ಜೈಂಟ್ ಸೆಲ್‌ಗಳು ಅಪ್ಪಿಕೊಂಡು ಕೂತಿರೋದು ಕಾಣತ್ತೆ. ಮೈಗೆ ಇದು ಹೊರಗಿನದು ಅಂತ ಗೊತ್ತು, ಹೌದು, ನಿಮ್ಮತ್ತೆ ಹೇಳಿದ್ದರಲ್ಲಿ ಅಷ್ಟು ಸತ್ಯ ಇದೆ. ಆದ್ರೆ ಮೈ ಅದನ್ನ ತಳ್ಳಲ್ಲ, ಸುತ್ತ ಗೋಡೆ ಕಟ್ಟಿ ಅಲ್ಲೇ ಇಟ್ಕೊಂಡುಬಿಡತ್ತೆ. ವರ್ಷಗಟ್ಲೆ ಇರೋ ಈ ಸಣ್ಣ ಉರಿಯೂತ ಹೊಲಿಗೆ ದಾರದ ಸುತ್ತಾನೂ ಇರತ್ತೆ, ಹರ್ನಿಯಾ ಮೆಶ್ ಸುತ್ತಾನೂ ಇರತ್ತೆ, ಅದು ಕಾಯಿಲೆ ಅಲ್ಲ.

ಇಲ್ಲೇ ಇನ್ನೊಂದು ತಪ್ಪು ತಿಳುವಳಿಕೆ ಹೇಳಿಬಿಡ್ತೀನಿ. ಕಿಡ್ನಿ ಹಾಕಿಸ್ಕೊಂಡೋರಿಗೆ ರಿಜೆಕ್ಷನ್ ಆಗತ್ತೆ, ಇದಕ್ಕೂ ಹಂಗೇ ಆಗತ್ತೆ ಅಂತ ಒಪಿಡಿಲಿ ಬಹಳ ಜನ ಕೇಳ್ತಾರೆ. ಕಿಡ್ನಿಲಿರೋದು ಇನ್ನೊಬ್ಬರ ಜೀವಂತ ಕೋಶ, ಅದರ ಗುರುತು ಹಿಡಿದು ಮೈ ಹೋರಾಡತ್ತೆ. ಇಲ್ಲಿ ಜೀವಕೋಶನೇ ಇಲ್ಲ, ಆ ಥರದ ರಿಜೆಕ್ಷನ್ ಅನ್ನೋ ಮಾತೇ ಬರಲ್ಲ. ಹತ್ತು ವರ್ಷಕ್ಕೆ ಬದಲಾಯಿಸ್ಬೇಕು ಅನ್ನೋದೂ ಸುಳ್ಳು, ಇದು ಪೇಸ್‌ಮೇಕರ್ ಅಲ್ಲ, ಇದರಲ್ಲಿ ಬ್ಯಾಟರಿ ಇಲ್ಲ.

ಆದ್ರೆ ಪೊರೆ ಬೆಳೆಯೋದು ಎಲ್ಲರಲ್ಲೂ ಪುಸ್ತಕದಲ್ಲಿ ಬರೆದಂಗೆ ಆಗತ್ತೆ ಅಂತ ಹೇಳಕ್ಕಾಗಲ್ಲ. ಕೆಲವರಲ್ಲಿ ವರ್ಷಗಳಾದ್ರೂ ಡಿವೈಸ್‌ನ ಒಂದು ಭಾಗ ಪೊರೆ ಇಲ್ಲದೆ ಬರಿದಾಗಿ ಉಳಿದಿರೋದು, ಅಲ್ಲಿಗೆ ರಕ್ತದಲ್ಲಿ ಬಂದ ಬ್ಯಾಕ್ಟೀರಿಯಾ ಕೂತು ಇನ್ಫೆಕ್ಷನ್ ಆಗಿರೋದು ಅಪರೂಪಕ್ಕೆ ವರದಿಯಾಗಿದೆ. ದೊಡ್ಡ ಡಿವೈಸ್, ಅಂಚಲ್ಲಿ ಸಣ್ಣ ಸೋರಿಕೆ ಉಳಿದಿರೋದು, ಇಂಥ ಕಡೆ ಪೊರೆ ನಿಧಾನ. ಅದಕ್ಕೇ ಮೊದಲ 6 ತಿಂಗಳು ಹಲ್ಲು ಕೀಳಿಸೋ ಮುಂಚೆ ಆಂಟಿಬಯೋಟಿಕ್ ತಗೊಳ್ಳಿ ಅಂತೀವಿ, ಡಿವೈಸ್ ಪಕ್ಕದಲ್ಲೇ ಸೋರಿಕೆ ಉಳಿದಿದ್ರೆ ಆಮೇಲೂ ತಗೊಳ್ಳಿ ಅಂತೀವಿ. ಮತ್ತೆ ಒಂದು ವಾರಕ್ಕಿಂತ ಜಾಸ್ತಿ ಜ್ವರ ಬಂದ್ರೆ, ಕಾರಣ ಏನು ಅಂತ ಗೊತ್ತಾಗದೆ ಇದ್ರೆ, ದಯವಿಟ್ಟು ಮೆಡಿಕಲ್ ಶಾಪಿಂದ ಐದು ದಿನದ ಆಂಟಿಬಯೋಟಿಕ್ ತಂದು ನುಂಗ್ಬೇಡಿ. ಮೊದಲು ಬ್ಲಡ್ ಕಲ್ಚರ್ (ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯತ್ತಾ ಅಂತ ನೋಡೋ ಪರೀಕ್ಷೆ) ಕೊಡಿ, ಹಾರ್ಟಲ್ಲಿ ಡಿವೈಸ್ ಇದೆ ಅಂತ ಡಾಕ್ಟರಿಗೆ ಹೇಳಿ. ಮಾತ್ರೆ ನುಂಗಿದ ಮೇಲೆ ಕಲ್ಚರ್ ಮಾಡಿದ್ರೆ ಎಷ್ಟೋ ಸಲ ಏನೂ ಬೆಳೆಯಲ್ಲ, ಒಳಗಿನ ಇನ್ಫೆಕ್ಷನ್ ಮಾತ್ರ ಹಂಗೇ ಇರತ್ತೆ. ನಮ್ಮ ಕಡೆ ಇದು ದಿನಾ ನೋಡೋ ಗೋಳು.

ಈಗ ನಿಮ್ಮ ಅಲರ್ಜಿ. ನೀವು ಬರೆದಿರೋದು ನೋಡಿದ್ರೆ ನಿಮಗೆ ನಿಕ್ಕಲ್ ಅಲರ್ಜಿ ಇರೋ ಸಾಧ್ಯತೆ ಚೆನ್ನಾಗೇ ಇದೆ, ಓಲೆ, ವಾಚ್, ಜೊತೆಗೆ ಜೀನ್ಸ್ ಪ್ಯಾಂಟಿನ ಬಟನ್ ತಾಗೋ ಕಡೆ ಹೊಕ್ಕಳ ಕೆಳಗೆ ಕಪ್ಪಾಗಿ ಒರಟಾಗೋದು, ಇವು ಅದರ ಗುರುತು. ಹೆಂಗಸರಲ್ಲಿ ಇದು ಜಾಸ್ತಿ, ಕಾರಣ ಚಿಕ್ಕಂದಿನಲ್ಲೇ ಕಿವಿ ಚುಚ್ಚಿಸಿ ಕಂಡಕಂಡ ಓಲೆ ಹಾಕೋದು. ಚರ್ಮದ ಡಾಕ್ಟರ ಹತ್ರ ಪ್ಯಾಚ್ ಟೆಸ್ಟ್ ಮಾಡಿಸ್ಬಹುದು. ಬೆನ್ನಿಗೆ ಸಣ್ಣ ಸಣ್ಣ ಬಟ್ಟಲಲ್ಲಿ ಔಷಧಿ ಹಾಕಿ ಪ್ಲಾಸ್ಟರ್ ಅಂಟಿಸ್ತಾರೆ, ನಿಕ್ಕಲ್ ಸಲ್ಫೇಟ್ ಒಂದು ಬಟ್ಟಲಲ್ಲಿರತ್ತೆ, 48 ಗಂಟೆ ಬೆನ್ನಿಗೆ ನೀರು ಸೋಕಿಸ್ದೆ ಇರ್ಬೇಕು, ಆಮೇಲೆ ತೆಗೆದು ನೋಡ್ತಾರೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಂದ್ಸಲ ನೋಡ್ತಾರೆ. ಎರಡನೇ ಸಲಕ್ಕೂ ಆ ಜಾಗ ಕೆಂಪಾಗಿ ಗಟ್ಟಿಯಾಗಿ ಸಣ್ಣ ನೀರುಗುಳ್ಳೆ ಎದ್ದಿದ್ರೆ ಅಲರ್ಜಿ ಇದೆ ಅಂತ. ಎರಡನೇ ಸಲ ನೋಡದೆ ರಿಪೋರ್ಟ್ ಕೊಟ್ರೆ ಒಪ್ಕೋಬೇಡಿ, ಈ ಅಲರ್ಜಿ ಏಳೋದೇ ನಿಧಾನ.

ಆದ್ರೆ ಈ ಟೆಸ್ಟ್ ಹೇಳೋದು ಚರ್ಮದ ಕಥೆ. ಚರ್ಮಕ್ಕೆ ನಿಕ್ಕಲ್ ಆಗಲ್ಲ ಅಂದಮಾತ್ರಕ್ಕೆ ಹಾರ್ಟಿಗೂ ಆಗಲ್ಲ ಅಂತ ತೀರ್ಮಾನ ಮಾಡಕ್ಕಾಗಲ್ಲ. ಯೋಚನೆ ಮಾಡಿ, ಹಾರ್ಟ್ ಅಟ್ಯಾಕ್ ಆದೋರಿಗೆ ಹಾಕೋ ಸ್ಟೆಂಟ್‌ಗಳಲ್ಲೂ ನಿಕ್ಕಲ್ ಇದೆ, ನಿಕ್ಕಲ್ ಅಲರ್ಜಿ ಇರೋ ಎಷ್ಟು ಸಾವಿರ ಜನ ಅದನ್ನ ಹಾಕಿಸ್ಕೊಂಡು ಆರಾಮಾಗಿಲ್ಲ? ಎಎಸ್‌ಡಿ ಡಿವೈಸ್ ಹಾಕಿಸ್ಕೊಂಡ ನಿಕ್ಕಲ್ ಅಲರ್ಜಿಯವರಲ್ಲೂ ಹೆಚ್ಚಿನವರಿಗೆ ಏನೂ ಆಗಲ್ಲ. ಆದ್ರೂ ಕೆಲವರಿಗೆ ಆಗತ್ತೆ. 2007ರಲ್ಲಿ ಇಟಲಿಯಿಂದ ಬಂದ ಒಂದು ಸಣ್ಣ ಅಧ್ಯಯನದಲ್ಲಿ ಪ್ಯಾಚ್ ಟೆಸ್ಟ್ ಪಾಸಿಟಿವ್ ಇದ್ದ ಕೆಲವರಿಗೆ ಡಿವೈಸ್ ಹಾಕಿದ ಎರಡು ಮೂರು ದಿನಕ್ಕೇ ಎದೆ ಹಿಡಿದಂಗೆ, ಉಸಿರು ಕಟ್ಟಿದಂಗೆ, ಸುಸ್ತು ಶುರುವಾಗಿತ್ತು, ಕೆಲವು ದಿನ ಸ್ಟೀರಾಯ್ಡ್ ಕೊಟ್ಟಮೇಲೆ ಇಳೀತು. ಬೇರೆ ಕಡೆ ಮೈತುಂಬ ದದ್ದು, ಹಾರ್ಟ್ ಸುತ್ತ ನೀರು ಸೇರಿದ ವರದಿಗಳೂ ಇವೆ. ಗಮನಿಸಿ, ಇಂಥ ವರದಿಗಳಲ್ಲಿ ಮತ್ತೆ ಮತ್ತೆ ಕಾಣೋದು ತೊಂದರೆ ಮೊದಲ ದಿನಗಳಲ್ಲಿ, ವಾರಗಳಲ್ಲಿ, ಜಾಸ್ತಿ ಅಂದ್ರೆ ತಿಂಗಳುಗಳಲ್ಲಿ ಶುರುವಾಗೋದು. ಅಂದ್ರೆ ತಂತಿ ರಕ್ತಕ್ಕೆ ಬರಿಯಾಗಿ ಸಿಗ್ತಿದ್ದ ಕಾಲ, ರಕ್ತದಲ್ಲಿ ನಿಕ್ಕಲ್ ಏರಿದ್ದ ಕಾಲ. ನಿಮ್ಮದು ಮೊದಲ ತಿಂಗಳುಗಳ ತಲೆನೋವು ಬಿಟ್ರೆ ಮೂರು ವರ್ಷ ಏನೂ ಇಲ್ಲದೆ ಆಮೇಲೆ ಶುರುವಾಗಿದೆ. ಅದಕ್ಕೇ ನಾನು ನಿಕ್ಕಲ್ ಮೇಲೆ ಮೊದಲ ಅನುಮಾನ ಇಡ್ತಿಲ್ಲ.

ನಿಮ್ಮನ್ನ ಮುಂಚೆನೇ ಕೇಳ್ಬೇಕಿತ್ತು, ಆ ಮಾತು ಸರಿ. ಆಂಪ್ಲಾಟ್ಜರ್ ಕಂಪನಿಯವರ ಸೂಚನೆಯಲ್ಲೇ ನಿಕ್ಕಲ್ ಅಲರ್ಜಿ ಇರೋರಿಗೆ ರಿಯಾಕ್ಷನ್ ಆಗಬಹುದು ಅಂತ ಬರೆದಿದೆ. ಓಲೆ ಹಾಕಿದ್ರೆ ಕಿವಿ ಸೋರತ್ತಾ ಅಂತ ಕೇಳಕ್ಕೆ ಅರ್ಧ ನಿಮಿಷ ಸಾಕು. ಈಗ ಯಾರಾದ್ರೂ ಡಿವೈಸ್ ಹಾಕಿಸ್ಕೊಳ್ಳೋರು ಇದನ್ನ ಓದ್ತಿದ್ರೆ, ಡಾಕ್ಟರ್ ಕೇಳದೆ ಇದ್ರೂ ನೀವೇ ಬಾಯಿಬಿಟ್ಟು ಹೇಳಿ. ತಂತಿ ಮೇಲೆ ಪ್ಲಾಟಿನಂ ಲೇಪನ ಇರೋ ಕೊಕೂನ್, ಟೈಟಾನಿಯಂ ನೈಟ್ರೈಡ್ ಲೇಪನ ಇರೋ ಸೆರಾ ಅಂತ ಡಿವೈಸ್‌ಗಳಿವೆ, ನಿಕ್ಕಲ್ ಕಮ್ಮಿ ಬಿಡ್ಲಿ ಅಂತಲೇ ಮಾಡಿರೋದು. ಅಲರ್ಜಿ ತುಂಬಾ ಜೋರಾಗಿದ್ರೆ ಸರ್ಜರಿಲಿ ತಮ್ಮದೇ ಹಾರ್ಟಿನ ಹೊರಪೊರೆಯ ತುಂಡು ಹಾಕಿ ಹೊಲಿಯೋ ದಾರಿನೂ ಇದೆ.

ಆ ಮೊದಲ ತಿಂಗಳುಗಳ ತಲೆನೋವಿಗೆ ಬರ್ತೀನಿ, ಯಾಕಂದ್ರೆ ಅದು ನಿಜವಾಗ್ಲೂ ಡಿವೈಸ್‌ಗೆ ಸಂಬಂಧಪಟ್ಟಿದ್ದೇ. ಕಣ್ಮುಂದೆ ಮಿಂಚು ಬಂದು ತಲೆನೋವು ಅಂದ್ರೆ ಮೈಗ್ರೇನ್. ಎಎಸ್‌ಡಿ ಮುಚ್ಚಿದ ಹೊಸದರಲ್ಲಿ ಮುಂಚೆ ಯಾವತ್ತೂ ಮೈಗ್ರೇನ್ ಇಲ್ಲದೆ ಇದ್ದೋರಿಗೂ ಇದು ಬರತ್ತೆ, ನಮಗೆ ಚೆನ್ನಾಗಿ ಪರಿಚಯ ಇರೋ ವಿಷಯ. ಎಡಗಡೆ ಬಿಲ್ಲೆ ಮೇಲೆ ಪ್ಲೇಟ್ಲೆಟ್‌ಗಳು ಕೆರಳೋದು ಕಾರಣ ಅಂತ ಅಂದಾಜು, ಕೆನಡಾದಲ್ಲಿ ಮಾಡಿ 2015ರಲ್ಲಿ ಪ್ರಕಟ ಆದ ಕ್ಯಾನೋವಾ ಅನ್ನೋ ಟ್ರಯಲ್‌ನಲ್ಲಿ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಕೊಟ್ಟೋರಿಗೆ ಈ ಮೈಗ್ರೇನ್ ಕಮ್ಮಿ ಬಂತು, ಅದು ಆ ಅಂದಾಜಿಗೆ ಸಾಕ್ಷಿ ಥರ ಇದೆ. ನಿಕ್ಕಲ್ ಪಾತ್ರನೂ ಇರಬಹುದು ಅನ್ನೋರಿದಾರೆ. ಏನೇ ಇರ್ಲಿ, ಪೊರೆ ಬೆಳೀತು, ತಲೆನೋವು ಹೋಯ್ತು. ನಿಮ್ಮ ಒಳಗೆ ಗಾಯ ಮಾಯಬೇಕಾದ ಹಾಗೆ ಮಾದಿದೆ ಅನ್ನೋದಕ್ಕೆ ನಾನು ಅದನ್ನ ಒಳ್ಳೇ ಗುರುತು ಅಂತಲೇ ತಗೊಳ್ತೀನಿ.

ಈಗಿನ ಸುಸ್ತು, ಡವಡವಕ್ಕೆ ಡಿವೈಸ್ ಬಿಟ್ಟು ಬೇರೆ ಕಾರಣಗಳೇ ಮೊದಲು ನೋಡ್ಬೇಕು, ಇದು ನಿಮ್ಮ ಮಾತನ್ನ ತಳ್ಳಿಹಾಕೋಕೆ ಹೇಳ್ತಿರೋದಲ್ಲ. 34 ವರ್ಷದ, ಒಂದು ಹೆರಿಗೆ ಆಗಿರೋ ಹೆಣ್ಮಗಳಿಗೆ ಸುಸ್ತು ಮತ್ತೆ ಎದೆಬಡಿತ ಅಂದ್ರೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದಂಶದ ಲೆಕ್ಕ), ಥೈರಾಯ್ಡ್ ಈ ಮೂರು ನೋಡದೆ ಮುಂದೆ ಹೋಗೋದೇ ತಪ್ಪು. ಹಿಮೋಗ್ಲೋಬಿನ್ 12 ಇದ್ದು ಫೆರಿಟಿನ್ ತಳ ಸೇರಿರೋರು ಎಷ್ಟೋ ಜನ. ಆಮೇಲೆ 24 ಗಂಟೆ ಹೋಲ್ಟರ್, ಅಂದ್ರೆ ಮೈಗೆ ಕಟ್ಕೊಂಡು ಓಡಾಡ್ತಾ ಎದೆಬಡಿತ ದಾಖಲಿಸೋ ಮಷೀನು, ಸಾಧ್ಯ ಆದ್ರೆ ಇನ್ನೂ ಜಾಸ್ತಿ ದಿನದ್ದು, ಯಾಕಂದ್ರೆ ಎಎಸ್‌ಡಿ ಇದ್ದ ಹಾರ್ಟಿನ ಬಲಗಡೆ ಮೇಲಿನ ಕೋಣೆ ವರ್ಷಗಟ್ಲೆ ಜಾಸ್ತಿ ರಕ್ತ ಹೊತ್ತು ಹಿಗ್ಗಿರತ್ತೆ, ತೂತು ಮುಚ್ಚಿದ್ಮೇಲೂ ಅಲ್ಲಿಂದ ತಪ್ಪು ಬಡಿತಗಳು ಏಳ್ತಾವೆ. ಹೆಚ್ಚಿನವು ಸುಮ್ನೆ ಎಕ್ಟೋಪಿಕ್ (ನಡುವೆ ಬರೋ ಒಂದೊಂದು ಹೆಚ್ಚುವರಿ ಬಡಿತ), ಕೆಲವು ಏಟ್ರಿಯಲ್ ಫಿಬ್ರಿಲೇಷನ್ (ಮೇಲಿನ ಕೋಣೆ ತಾಳ ತಪ್ಪಿ ಬಡಿಯೋದು), ಎರಡನೇದಕ್ಕೆ ಚಿಕಿತ್ಸೆ ಬೇಕು. ಡವಡವ ಬಂದ ಹೊತ್ತು, ಎಷ್ಟು ಹೊತ್ತು ಇತ್ತು, ಆಗ ಏನು ಮಾಡ್ತಿದ್ರಿ ಅಂತ ಒಂದು ಚೀಟಿಲಿ ಬರೆದಿಡಿ, ಹೋಲ್ಟರ್ ನೋಡೋರಿಗೆ ಅದು ಮಷೀನಿನಷ್ಟೇ ಮುಖ್ಯ. ಮೈ ಕಡಿತ ಬಂದು ಹೋಗೋ ದದ್ದಾದ್ರೆ, ಅಂದ್ರೆ ಬೆಳಿಗ್ಗೆ ಇದ್ದದ್ದು ಸಂಜೆಗೆ ಮಾಯ ಆಗೋ ಥರ, ಅದು ಅರ್ಟಿಕೇರಿಯಾ, ಅದು ತುಂಬಾ ಜನಕ್ಕೆ ಇರತ್ತೆ, ನಿಕ್ಕಲ್ ಅಲರ್ಜಿ ಸಾಮಾನ್ಯವಾಗಿ ಆ ಥರ ಬರಲ್ಲ, ಅದು ಒರಟು ಒರಟಾಗಿ ಎಕ್ಸಿಮಾ ಥರ ಬರತ್ತೆ. ಚರ್ಮದ ಡಾಕ್ಟರಿಗೆ ತೋರ್ಸಿ, ಫೋಟೋ ತೆಗೆದಿಟ್ಕೊಳ್ಳಿ, ನೀವು ಹೋದ ದಿನ ದದ್ದು ಇರೋದೇ ಇಲ್ಲ.

ಇನ್ನು ಆ 3 ಎಂಎಂ. ತೂತಿಗೂ ಮಹಾಪಧಮನಿಗೂ (ಹಾರ್ಟಿಂದ ಮೈಗೆಲ್ಲ ರಕ್ತ ಒಯ್ಯೋ ದೊಡ್ಡ ನಾಳ) ನಡುವೆ ಗೋಡೆಯ ಅಂಚು ಎಷ್ಟಿದೆ ಅನ್ನೋದು ಅಯಾರ್ಟಿಕ್ ರಿಮ್. 5 ಎಂಎಂಗಿಂತ ಕಮ್ಮಿ ಇದ್ರೆ ಕಮ್ಮಿ ಅಂತ ಲೆಕ್ಕ. ಗಾಬರಿ ಬೇಡ, ಎಎಸ್‌ಡಿ ಇರೋರಲ್ಲಿ ಇದು ಬಹಳ ಸಾಮಾನ್ಯ, ಹಾಗಿದ್ದೂ ಡಿವೈಸ್ ಹಾಕಿ ಆರಾಮಾಗಿರೋರೇ ಹೆಚ್ಚು. ಆದ್ರೆ ಅಲ್ಲಿ ಅಂಚು ಕಮ್ಮಿ ಇದ್ದಾಗ ಬಿಲ್ಲೆಯ ತುದಿ ಮಹಾಪಧಮನಿಗೆ ಒರಗಿ ಕೂತಿರತ್ತೆ, ಹಾರ್ಟ್ ಪ್ರತಿ ಸಲ ಬಡಿದಾಗ್ಲೂ ಉಜ್ಜತ್ತೆ, ತೀರ ಅಪರೂಪಕ್ಕೆ ಗೋಡೆ ಸವೆದು ತೂತಾಗತ್ತೆ. ಇದಕ್ಕೆ ಇರೋಷನ್ ಅಂತೀವಿ. ಸಾವಿರಕ್ಕೆ 1ರಿಂದ 3 ಜನಕ್ಕೆ ಅನ್ನೋದು ಸಾಮಾನ್ಯವಾಗಿ ಹೇಳೋ ಲೆಕ್ಕ. ಅಮೆರಿಕದ ಎಫ್‌ಡಿಎ 2012ರಲ್ಲಿ ಇದರ ಬಗ್ಗೆ ತಜ್ಞರ ಸಭೆ ಕರೆದು, ಮುಂದಿನ ವರ್ಷ ಡಾಕ್ಟರುಗಳಿಗೆ ಎಚ್ಚರಿಕೆ ಕೊಡ್ತು. ಹೆಚ್ಚಿನವು ಮೊದಲ ದಿನಗಳಲ್ಲಿ, ಮೊದಲ ವರ್ಷದಲ್ಲಿ ಆಗ್ತಾವೆ, ಆದ್ರೆ ವರ್ಷಗಳ ನಂತರ ಆದ ಉದಾಹರಣೆಗಳೂ ಇವೆ. ಅಲರ್ಜಿಗೂ ಇದಕ್ಕೂ ಸಂಬಂಧ ಇಲ್ಲ, ಇದು ಬರೀ ಉಜ್ಜಾಟ. ನನ್ನ ಅಭಿಪ್ರಾಯ ಕೇಳಿದ್ರೆ ಡಿವೈಸ್ ಹಾಕಿಸ್ಕೊಂಡೋರು ನಿಕ್ಕಲ್ ಬಗ್ಗೆ ರಾತ್ರಿಯೆಲ್ಲ ಓದ್ತಾರೆ, ಎಕೋ ಮಾಡಿಸೋದು ಮರೀತಾರೆ, ಆಗಬೇಕಾದ್ದು ಉಲ್ಟಾ.

ಡಿವೈಸ್ ಹಾಕಿದ್ಮೇಲೆ ಮೊದಲ 2 ವರ್ಷ ನಿಯಮಿತವಾಗಿ, ಆಮೇಲೆ ಎಲ್ಲ ಸರಿ ಇದ್ರೂ 3ರಿಂದ 5 ವರ್ಷಕ್ಕೊಂದ್ಸಲ ತೋರಿಸ್ಬೇಕು. ನಿಮ್ಮದು ರಿಮ್ ಕಮ್ಮಿ, ಹೊಸ ಲಕ್ಷಣ ಇದೆ, ಹಾಗಾಗಿ ಈ ತಿಂಗಳೇ ಎಕೋ ಆಗ್ಬೇಕು. ಸುಮ್ನೆ ಎಕೋ ನಾರ್ಮಲ್ ಅಂತ ಒಂದು ಸಾಲು ಬರೆಸ್ಕೊಂಡು ಬರ್ಬೇಡಿ, ಡಿವೈಸ್ ಪೊಸಿಷನ್ ಹೇಗಿದೆ, ಸೋರಿಕೆ ಇದೆಯಾ, ಮಹಾಪಧಮನಿ ಗೋಡೆ ಒಳಕ್ಕೆ ತಳ್ಳಿದಂಗೆ ಕಾಣ್ತಿದೆಯಾ, ಹಾರ್ಟ್ ಸುತ್ತ ನೀರಿದೆಯಾ, ಬಲಗಡೆ ಕೋಣೆ ಸಣ್ಣದಾಗಿದೆಯಾ, ಲಂಗ್ ಪ್ರೆಷರ್ (ಶ್ವಾಸಕೋಶದ ರಕ್ತನಾಳದ ಒತ್ತಡ) ಎಷ್ಟು, ಇಷ್ಟು ರಿಪೋರ್ಟಲ್ಲಿ ಇರ್ಲಿ ಅಂತ ಕೇಳಿ. ಅನುಮಾನ ಬಂದ್ರೆ ಗಂಟಲಿನಿಂದ ನೋಡೋ ಟಿಇಇ ಮಾಡ್ತಾರೆ. ಮತ್ತೆ ಯಾವತ್ತಾದ್ರೂ ಇದ್ದಕ್ಕಿದ್ದಂಗೆ ಜೋರು ಎದೆನೋವು, ಉಸಿರುಕಟ್ಟೋದು, ಕಣ್ಣು ಕತ್ತಲೆ ಬಂದು ಬೀಳೋ ಹಾಗಾದ್ರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡ್ಕೊಂಡು ಕೂರ್ಬೇಡಿ, ಎಕೋ ಇರೋ ಆಸ್ಪತ್ರೆಗೆ ನೇರ ಹೋಗಿ.

ತೆಗೆಸೋದರ ಬಗ್ಗೆ ನೇರ ಮಾತು. ಹಾಕಿದ್ದು ತೊಡೆಯಿಂದ, ತೆಗೆಯೋದೂ ತೊಡೆಯಿಂದ ಅಂದ್ಕೊಂಡಿರ್ತಾರೆ, ಪೊರೆ ಬೆಳೆದ ಡಿವೈಸ್ ಹಾಗೆ ಎಳೆಯಕ್ಕೆ ಬರಲ್ಲ. ಓಪನ್ ಹಾರ್ಟ್ ಸರ್ಜರಿ ಆಗ್ಬೇಕು, ಹಾರ್ಟ್ ಲಂಗ್ ಮಷೀನಿಗೆ ಹಾಕಿ, ಮೇಲಿನ ಕೋಣೆ ತೆರೆದು, ಗೋಡೆ ಸಮೇತ ಕತ್ತರಿಸಿ, ಮೊದಲಿದ್ದ ತೂತಿಗಿಂತ ದೊಡ್ಡ ತೂತು ಆಗತ್ತೆ, ಅದಕ್ಕೆ ಪ್ಯಾಚ್ ಹೊಲೀಬೇಕು. ಒಳ್ಳೇ ಸೆಂಟರಲ್ಲಿ ಜೀವಕ್ಕೆ ಅಪಾಯ ಕಮ್ಮಿನೇ, ಆದ್ರೆ ರಕ್ತಸ್ರಾವ, ಇನ್ಫೆಕ್ಷನ್, ಹೊಲಿಗೆ ಗಾಯದಿಂದಲೇ ಏಳೋ ಹೊಸ ಬಡಿತದ ತೊಂದರೆ ಇವೆಲ್ಲ ಜೊತೆಗೆ ಬರ್ತಾವೆ, ಡವಡವ ಕಮ್ಮಿ ಆಗ್ಲಿ ಅಂತ ಹೋಗಿ ಜಾಸ್ತಿ ಮಾಡ್ಕೊಂಡು ಬಂದಂಗೆ ಆಗಬಹುದು. 18 ಆಸ್ಪತ್ರೆಗಳ ಲೆಕ್ಕ 2011ರಲ್ಲಿ ಪ್ರಕಟ ಆಯ್ತು, ಪಿಎಫ್‌ಒ ಅನ್ನೋ ಇದೇ ಗೋಡೆಯ ಸಣ್ಣ ಸಂದಿಗೆ ಹಾಕಿದ 13,736 ಡಿವೈಸ್‌ಗಳಲ್ಲಿ ಸರ್ಜರಿ ಮಾಡಿ ತೆಗೆದಿದ್ದು 38. ಅದರಲ್ಲಿ ಜಾಸ್ತಿ ಸಲ ಕಾರಣ ಆಗಿದ್ದು ಬಿಡದ ಎದೆನೋವು, ಅವರಲ್ಲಿ ಕೆಲವರಿಗೆ ನಿಕ್ಕಲ್ ಅಲರ್ಜಿ ಅನುಮಾನ. ಹಾಗಾಗಿ ನೀವು ಓದಿದ ಅಮೆರಿಕದ ಹೆಂಗಸಿನ ಕಥೆ ನಿಜ ಇರಬಹುದು, ಅಂಥವರಿದಾರೆ. ಆದ್ರೆ ತೆಗೆಸಿದ ಮೇಲೂ ಸುಸ್ತು ಹೋಗದೆ ಇದ್ದೋರು ಬರೆಯಲ್ಲ, ಏನೂ ಆಗದೆ ಮನೆಕೆಲಸ ಮಾಡ್ಕೊಂಡಿರೋ ಲಕ್ಷಾಂತರ ಜನ ಅಂತೂ ಬರೆಯೋದೇ ಇಲ್ಲ.

ನಾನಾಗಿದ್ರೆ ಯಾವ ಕ್ರಮದಲ್ಲಿ ಹೋಗ್ತೀನಿ ಅಂದ್ರೆ, ರಕ್ತಪರೀಕ್ಷೆ, ಎಕೋ, ಹೋಲ್ಟರ್ ಮೊದಲು. ಅದರಲ್ಲಿ ಕಾರಣ ಸಿಕ್ರೆ ಅದಕ್ಕೆ ಚಿಕಿತ್ಸೆ, ಹೆಚ್ಚಿನವರ ಕಥೆ ಅಲ್ಲಿಗೇ ಮುಗಿಯತ್ತೆ. ಎಲ್ಲ ಸರಿ ಇದ್ದು ತೊಂದರೆ ಮಾತ್ರ ಹೋಗ್ತಿಲ್ಲ ಅಂದ್ರೆ ಪ್ಯಾಚ್ ಟೆಸ್ಟ್. ಅದು ಜೋರಾಗಿ ಪಾಸಿಟಿವ್ ಬಂದ್ರೆ ಕಾರ್ಡಿಯಾಲಜಿಸ್ಟ್ ಮತ್ತೆ ಚರ್ಮದ ಡಾಕ್ಟರ್ ಇಬ್ಬರೂ ಮಾತಾಡ್ಕೊಂಡು ಕೆಲವು ದಿನ ಸ್ಟೀರಾಯ್ಡ್ ಮಾತ್ರೆ ಕೊಟ್ಟು ನೋಡಬಹುದು. ಸಕ್ಕರೆ ಏರೋದು, ನಿದ್ದೆ ಕೆಡೋದು, ಹೊಟ್ಟೆ ಉರಿ ಅದರ ಬೆಲೆ, ಮತ್ತೆ ಸ್ಟೀರಾಯ್ಡ್ ತಗೊಂಡ್ರೆ ಯಾರಿಗಾದ್ರೂ ನಾಲ್ಕು ದಿನ ಚೈತನ್ಯ ಬಂದಂಗೆ ಅನ್ಸತ್ತೆ, ಕಡಿತ ಅಂತೂ ಯಾವ ಕಾರಣದ್ದಾದ್ರೂ ಇಳಿಯತ್ತೆ, ಹಾಗಾಗಿ ಆರಾಮಾಯ್ತು ಅಂದಮಾತ್ರಕ್ಕೆ ನಿಕ್ಕಲ್ಲೇ ಅಂತ ಪ್ರೂಫ್ ಆಗಲ್ಲ. ಪ್ಯಾಚ್ ಟೆಸ್ಟ್ ಮಾಡೋ ಮುಂಚೆ ಮಾತ್ರ ಸ್ಟೀರಾಯ್ಡ್ ತಗೋಬೇಡಿ, ಟೆಸ್ಟ್ ಸುಳ್ಳು ಹೇಳತ್ತೆ. ತೆಗೆಸೋ ಮಾತು ಬರೋದು ಇರೋಷನ್, ಬಿಡದ ಇನ್ಫೆಕ್ಷನ್, ಡಿವೈಸ್ ಜರುಗಿರೋದು, ಇಲ್ಲಾಂದ್ರೆ ಬೇರೆ ಎಲ್ಲ ಕಾರಣ ತೆಗೆದುಹಾಕಿದ ಮೇಲೂ ಬದುಕೇ ಕಷ್ಟ ಅನ್ನೋವಷ್ಟು ಅಲರ್ಜಿ ಇದ್ದಾಗ. ನೀವು ಸದ್ಯಕ್ಕೆ ಆ ಹತ್ರಕ್ಕೂ ಇಲ್ಲ.

ಗೋಡಂಬಿ, ಚಾಕೊಲೇಟ್, ಬೇಳೆಕಾಳು ಎಲ್ಲ ಬಿಡಿ, ಸ್ಟೀಲ್ ಪಾತ್ರೆ ಬಿಸಾಕಿ ಅಂತ ಸಲಹೆ ಓದಿರ್ತೀರ. ಅವುಗಳಲ್ಲಿ ನಿಕ್ಕಲ್ ಇರೋದು ನಿಜ, ಹುಳಿ ಪದಾರ್ಥ ಸ್ಟೀಲಲ್ಲಿ ಕುದಿಸಿದ್ರೆ ಸ್ವಲ್ಪ ಇಳಿಯೋದೂ ನಿಜ. ಆದ್ರೆ ಡಿವೈಸ್ ಇದೆ ಅನ್ನೋ ಕಾರಣಕ್ಕೆ ಬೇಳೆ ಬಿಟ್ಟು ಸುಸ್ತಾಗಿರೋ ಮೈನ ಇನ್ನೂ ಸುಸ್ತು ಮಾಡ್ಕೋಬೇಡಿ. ಓಲೆ ಮಾತ್ರ ಬದಲಾಯಿಸಿ.

ಎಂಆರ್‌ಐ ಮಾಡಿಸ್ಬಹುದು. ನಿಟಿನಾಲ್ ಅಯಸ್ಕಾಂತಕ್ಕೆ ಕಬ್ಬಿಣದ ಥರ ಎಳೆಯಲ್ಲ, 4 ವರ್ಷ ಆದ ಡಿವೈಸ್ ಗೋಡೆಯೊಳಗೆ ಸೇರಿಹೋಗಿದೆ. ಆಂಪ್ಲಾಟ್ಜರ್ 3 ಟೆಸ್ಲಾ ಮಷೀನಿನವರೆಗೂ ಷರತ್ತಿನ ಮೇಲೆ ಸುರಕ್ಷಿತ ಅಂತ ಕಂಪನಿಯೇ ಬರೆದಿದೆ. ಸ್ಕ್ಯಾನ್ ಸೆಂಟರ್‌ನವರು ಕಳಿಸಿದ್ದು ಅವರಿಗೆ ಯಾವ ಡಿವೈಸ್ ಅಂತ ಗೊತ್ತಿಲ್ಲದೆ ಇದ್ದದ್ದಕ್ಕೆ, ಅದು ಅವರ ತಪ್ಪಲ್ಲ. ನಿಮ್ಮ ಫೈಲಲ್ಲಿ ಹುಡುಕಿ, ಕ್ಯಾಥ್‌ಲ್ಯಾಬ್ ನೋಟ್ಸ್ ಪುಟದಲ್ಲಿ ಕಂಪನಿ ಹೆಸರು, ಸೈಜು, ಲಾಟ್ ನಂಬರ್ ಇರೋ ಉದ್ದನೆ ಸ್ಟಿಕ್ಕರ್ ಅಂಟಿಸಿರ್ತಾರೆ. ಕಾರ್ಡ್ ಕೊಟ್ಟಿದ್ರೆ ಇನ್ನೂ ಒಳ್ಳೇದು. ಫೋಟೋ ತೆಗೆದು ಮೊಬೈಲಲ್ಲಿಟ್ಕೊಳ್ಳಿ, ಕಾರ್ಡಿಯಾಲಜಿಸ್ಟ್ ಹತ್ರ ಎರಡು ಸಾಲಿನ ಪತ್ರ ಬರೆಸ್ಕೊಳ್ಳಿ, ಸಾಕು.

ಎರಡನೇ ಮಗುಗೆ ಡಿವೈಸ್ ಅಡ್ಡಿ ಅಲ್ಲ. ಹಾಕಿದ ಮೊದಲ 6 ತಿಂಗಳು ಬೇಡ ಅಂತೀವಿ, ಅದು ಯಾವತ್ತೋ ಕಳೀತು. ನಿರ್ಧಾರ ಮಾಡೋ ಮುಂಚೆ ಈ ಎಕೋಲಿ ಲಂಗ್ ಪ್ರೆಷರ್ ನಾರ್ಮಲ್ ಇದೆ, ಸೋರಿಕೆ ಇಲ್ಲ ಅಂತ ಖಾತ್ರಿ ಆಗ್ಲಿ, ಫೆರಿಟಿನ್ ಕಮ್ಮಿ ಇದ್ರೆ ಮೊದಲು ಏರಿಸ್ಕೊಳ್ಳಿ, ಹೋಲ್ಟರಲ್ಲಿ ಏನಾದ್ರೂ ಸಿಕ್ಕಿ ಮಾತ್ರೆ ಶುರುವಾದ್ರೆ ಗರ್ಭಿಣಿಗೆ ಆಗೋ ಮಾತ್ರೆನಾ ಅಂತ ಕೇಳಿ. ತಾಯಿಗೆ ಹುಟ್ಟಿನಿಂದ ಹಾರ್ಟ್ ತೂತು ಇದ್ರೆ ಮಗುಗೆ ಬರೋ ಸಾಧ್ಯತೆ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ, ಅದಕ್ಕೆ 18ರಿಂದ 22 ವಾರದೊಳಗೆ ಫೀಟಲ್ ಎಕೋ ಮಾಡಿಸಿ, ಮೊದಲನೇ ಮಗುಗೂ ಇಲ್ಲಿವರೆಗೆ ಎಕೋ ಆಗಿಲ್ಲ ಅಂದ್ರೆ ನಿಮ್ಮದು ಮಾಡಿಸೋಕೆ ಹೋದಾಗ ಅದನ್ನೂ ಕರ್ಕೊಂಡು ಹೋಗಿ ಒಟ್ಟಿಗೇ ಮುಗಿಸ್ಕೊಂಡು ಬನ್ನಿ.